ಚೀಲ ಹೊತ್ತು ಮೇಲೇರಿದ ಬಾಗಿಲು

ನಾನು ಚಿಕ್ಕವಳಿದ್ದಾಗ ನನ್ನ ಅಪ್ಪ ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ಹಮಾಲನಾಗಿದ್ದ. ಚೀಲ ಹೊತ್ತು ಹೊತ್ತು ಅವನ ಬೆನ್ನು ಬಾಗಿಹೋಗಿತ್ತು. ಇನ್ನು ಭಾರ ಹೊತ್ತರೆ ನಡೆಯುವುದೇ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟರು. ಅದೇ ಹೊತ್ತಿಗೆ ಗೋದಾಮಿನ ಸಾಹುಕಾರರು ಚೀಲ ಎತ್ತಿ ಒಟ್ಟುವ ಒಂದು ಫೋರ್ಕ್‌ಲಿಫ್ಟ್ ಕೊಂಡು ತಂದರು. ಊರಿನ ಯಾವ ಗೋದಾಮಿನಲ್ಲೂ ಅಂಥದ್ದು ಇರಲಿಲ್ಲ. ಕುಮಾರಪಟ್ಟಣದ ಕಾರ್ಖಾನೆಯ ಡ್ರೈವರ್ ಒಬ್ಬ ಬಂದು, ಖಾಲಿ ಅಂಗಳದಲ್ಲಿ ಅಪ್ಪನಿಗೆ ಅದನ್ನು ಓಡಿಸಲು ಕಲಿಸಿ ಹೋದ. "ಇದು ನಡದ್ರ ನಿನ್ನ ಕೆಲಸಾನೂ ಉಳೀತೈತಿ ನೋಡಪಾ," ಎಂದಿದ್ದರು ಸಾಹುಕಾರರು.

ಯಂತ್ರ ಕೆಲಸ ಶುರು ಮಾಡುವ ದಿನ ಅಕ್ಕನೂ ನಾನೂ ಬುತ್ತಿ ಕೊಡುವ ನೆಪದಲ್ಲಿ ಗೋದಾಮಿಗೆ ಓಡಿದೆವು. ಹಳದಿ ಮೈ, ಮುಂದೆ ಚಾಚಿದ ಎರಡು ಕಬ್ಬಿಣದ ಕೈ. ಡೀಸೆಲ್ ವಾಸನೆ ಮೆಣಸಿನಕಾಯಿ ಘಾಟಿನೊಳಗೆ ಬೆರೆತಿತ್ತು. ತೊಟ್ಟು ಬಿಡಿಸುವ ಹೆಂಗಸರೆಲ್ಲ ಕೆಲಸ ಬಿಟ್ಟು ಬಂದು ನಿಂತಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಆ ಕೈಗಳಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಅಪ್ಪ ಚಪ್ಪಲಿ ಬಿಟ್ಟು ಹತ್ತಿ ಕುಳಿತ.

ಯಂತ್ರ ನೆಟ್ಟಗೆ ಹೋಗಿ ಚೀಲಕ್ಕೆ ತಿವಿಯಿತು. ಚೀಲ ಹರಿದು ಕೆಂಪು ಕಾಯಿ ನೆಲದ ತುಂಬ ಚೆಲ್ಲಿತು. ಖಾರದ ಧೂಳು ಎದ್ದು, ಸಾಹುಕಾರರಿಂದ ಹಿಡಿದು ನನ್ನವರೆಗೆ ಎಲ್ಲರೂ ಸೀನಿದ್ದೇ ಸೀನಿದ್ದು. ಚೀಲಗಳನ್ನು ಮೊದಲಿನಿಂದಲೂ ಬರೀ ನೆಲದ ಮೇಲೆ ಒಟ್ಟುತ್ತಿದ್ದರು; ಕಬ್ಬಿಣದ ಕೈ ತೂರಲು ಕೆಳಗೆ ಜಾಗವೇ ಇರಲಿಲ್ಲ. ಅಷ್ಟು ದೊಡ್ಡ ಯಂತ್ರ ತಂದವರಿಗೆ ಇಷ್ಟು ಸಣ್ಣ ಸಂಗತಿ ಹೊಳೆದಿರಲಿಲ್ಲ.

"ವಾಪಸ್ ಕಳಿಸೂದ ಚಲೋ," ಎಂದರು ಸಾಹುಕಾರರು, ಕಣ್ಣೊರೆಸಿಕೊಳ್ಳುತ್ತ. ಯಂತ್ರ ಹೋದರೆ ಅಪ್ಪನ ಕೆಲಸವೂ ಹೋಗುತ್ತಿತ್ತು. ಅಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು.

"ಸ್ವಲ್ಪ ತಡೀರಿ ಸಾವಕಾರ್ರ," ಎಂದ ಅಪ್ಪ. ಮೂಲೆಗೆ ಒರಗಿಸಿಟ್ಟಿದ್ದ ಹಳೆಯ ಬಾಗಿಲೊಂದನ್ನು ತರಿಸಿ, ಎರಡು ದಪ್ಪ ತೊಲೆಗಳ ಮೇಲೆ ಮಲಗಿಸಿ, ಅದರ ಮೇಲೆ ಚೀಲ ಒಟ್ಟಿಸಿದ. ಈ ಸಲ ಕಬ್ಬಿಣದ ಕೈಗಳು ಬಾಗಿಲ ಕೆಳಗೆ ಸರಾಗವಾಗಿ ತೂರಿದವು. ಅಪ್ಪ ಹಿಡಿಕೆ ಎಳೆದ. ಅಷ್ಟೂ ಚೀಲ ಹೊತ್ತುಕೊಂಡು ಬಾಗಿಲು ನೆಲ ಬಿಟ್ಟಿತು, ನಮ್ಮ ತಲೆ ದಾಟಿತು, ಮೇಲಿನ ತಗಡಿನ ಹತ್ತಿರದವರೆಗೂ ಏರಿತು. ನನಗಂತೂ ಮೈ ಜುಮ್ಮೆಂದಿತು. ಹಮಾಲರೆಲ್ಲ ಬಾಯಿ ತೆರೆದು ನೋಡುತ್ತಿದ್ದರು. "ಇದರ ಬೆನ್ನು ಯಾವಾಗ ನೋಯತೈತೋ ನೋಡೂಣು," ಎಂದ ಅವರಲ್ಲೊಬ್ಬ ಮುದುಕ. ಸಾಹುಕಾರರು ನಕ್ಕುಬಿಟ್ಟರು. ವಾಪಸ್ ಕಳಿಸುವ ಮಾತು ಮತ್ತೆ ಬರಲಿಲ್ಲ.

ಮಕ್ಕಳೇ, ಈಗ ಕೋಲ್ಡ್ ಸ್ಟೋರೇಜುಗಳ ಮುಂದೆ ಫೋರ್ಕ್‌ಲಿಫ್ಟ್ ಕಂಡರೂ ನೀವು ಮೊಬೈಲಿನಿಂದ ಕಣ್ಣೆತ್ತುವುದಿಲ್ಲ. ನಿಮ್ಮ ತಪ್ಪೇನಿಲ್ಲ. ನಿಮ್ಮ ಅಪ್ಪ ದಿನಾ ಸಂಜೆ ನಿಮ್ಮನ್ನು ಬೆನ್ನ ಮೇಲೆ ಕೂರಿಸಿಕೊಂಡು ಮನೆ ತುಂಬ ಕುದುರೆ ಓಡಿಸುತ್ತಾನೆ. ನಿಮಗೆ ಅದೂ ಮಾಮೂಲು. ನನ್ನ ಅಪ್ಪ ನನ್ನನ್ನು ಮೊದಲ ಸಲ ಹಾಗೆ ಕೂರಿಸಿಕೊಂಡದ್ದು ಯಂತ್ರ ಬಂದು, ಬೆನ್ನಿನ ನೋವು ಇಳಿದ ಮೇಲೆ. ಅಷ್ಟರಲ್ಲಿ ನಾನು ಬೆಳೆದುಬಿಟ್ಟಿದ್ದೆ, ಎರಡೂ ಕಾಲು ನೆಲಕ್ಕೆ ತಾಗುತ್ತಿದ್ದವು. ನಾನು ಇಳಿಯಲಿಲ್ಲ, ಅಪ್ಪನೂ ಇಳಿ ಎನ್ನಲಿಲ್ಲ.