ಸುಮಿತ್ರಾ ಕಾಕು ಚೂಟಿದ ಸಾಲ್ವಿಯಾ

ಹೂವಿನ ಬಣ್ಣದಿಂದಲೇ ನನ್ನ ನೆನಪು ತಕರಾರು ತೆಗೆಯುತ್ತದೆ. ಸುಮಿತ್ರಾ ಕಾಕು ಬೆಳೆದ ಸಾಲ್ವಿಯಾ ಕೆಂಪು ಎನ್ನುತ್ತೇನೆ ನಾನು; ನೇರಳೆ ಎನ್ನುತ್ತಾನೆ ತಮ್ಮ. ಅವನೇ ಸರಿಯಿರಬಹುದು. ಆದರೆ ಅದರೆದುರು ಗಲ್ಲಕ್ಕೆ ಕೈಕೊಟ್ಟು ಕೂತ ಕಾಕುವಿನ ಬಗ್ಗೆ ಇಬ್ಬರಿಗೂ ಅನುಮಾನವಿಲ್ಲ.

ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ಬೆಲ್ಲದ ಬಾಗೇವಾಡಿಯ ಅವರ ಮನೆಯಲ್ಲಿ ಸುಮ್ಮನೆ ಕೂರುವುದು ಯಾರಿಗೂ ಗೊತ್ತಿರಲಿಲ್ಲ. ಹರಟೆಗೆ ಬಂದವರ ಮುಂದೆಯೂ ಆಕೆ ಸುಲಿಯಲೆಂದು ಶೇಂಗಾದ ಬುಟ್ಟಿ ಸರಿಸುತ್ತಿದ್ದಳು: "ಬಾಯಿ ಆಡಲಿ, ಕೈನೂ ಆಡಲಿ." ಅಂಥವಳು ಒಮ್ಮೆ ಗೋಕಾಕದ ನರ್ಸರಿಯಿಂದ ಗೇಣೆತ್ತರಕ್ಕೆ ನಿಲ್ಲುವ ಗಿಡ್ಡ ಸಾಲ್ವಿಯಾ ತಂದು, ಕಾಕಾ ಪ್ರತಿವರ್ಷ ಮೆಂತ್ಯ ಹಾಕುವ ಹಿತ್ತಲ ಮಡಿಯಲ್ಲಿ ನೆಟ್ಟಳು.

"ದೇವರಿಗೆ ಏರ್ಸಾಂಗಿಲ್ಲ, ತಲ್ಯಾಗ ಮುಡ್ಯಾಂಗಿಲ್ಲ. ಮತ್ತ್ಯಾಕಿದು?" ಎಂದ ಕಾಕಾ.

"ನೋಡಾಕ್ರಿ."

"ನೋಡಿದ್ರ ಹೊಟ್ಟಿ ತುಂಬತೈತೇನು?"

"ಇಷ್ಟ ವರ್ಷ ನಿಮ್ಮನ್ನ ನೋಡೇನಲ್ರಿ, ತುಂಬೈತೇನು?"

ಕಾಕಾ ನಕ್ಕರೂ ಸೋಲಲಿಲ್ಲ. "ಎಳ್ಳಮಾಸಿಗೆ ಹೂ ಬಿಡಲಿಲ್ಲಂದ್ರ ಕಿತ್ತು ಮೆಂತೆ ಹಾಕತೇನಿ ನೋಡು."

ಕಾಕು ಒಪ್ಪಿದಳು. ತನಗೆಂದು ಆಕೆ ಬಯಸಿದ್ದು, ನನಗೆ ನೆನಪಿರುವಂತೆ, ಅದೊಂದೇ.

ಎಳ್ಳಮಾವಾಸ್ಯೆಯ ಹಬ್ಬ ಹತ್ತಿರವಾಯಿತು, ಗಿಡದ ತುದಿಗಳಲ್ಲಿ ಮೊಗ್ಗು ಇಣುಕಿತು. ಅಂದು ಕಾಕು ಹೊಲದಲ್ಲಿ ಕಡಲೆಯ ಕುಡಿ ಚೂಟಿ, ಪಲ್ಯಕ್ಕೆಂದು ಉಡಿ ತುಂಬಿಕೊಂಡು ಬಂದವಳು, ನೇರ ಹಿತ್ತಲಿಗೆ ಹೋಗಿ ಸಾಲ್ವಿಯಾದ ಕುಡಿಗಳನ್ನೂ ಒಂದೂ ಬಿಡದೆ ಚೂಟಿದಳು.

"ಕಾಕು! ಮೊಗ್ಗಿ ಎಲ್ಲಾ ಹೋದ್ವಲ್ಲ!" ಎಂದು ಕೂಗಿದೆ ನಾನು.

"ಚೂಟಿದ್ರ ಹರವತೈತಿ ತಂಗಿ. ಕಡಲಿ ನೋಡಿಲ್ಲೇನ ನೀ?"

ಚೂಟಿದ್ದನ್ನು ಚೆಲ್ಲಲು ಮನಸ್ಸಾಗದೆ ಎಮ್ಮೆಗೆ ಹಾಕಿದಳು. ಎಮ್ಮೆ ಮೂಸಿ ಮುಖ ತಿರುಗಿಸಿತು.

ಎಳ್ಳಮಾಸಿ ಬಂತು. ಹೂವಿಲ್ಲ. ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ, ಉಂಡು ಬಂದ ಮೇಲೆ ಕಾಕಾ ಕುರಪಿ ಹಿಡಿದು ಮಡಿಯ ಮುಂದೆ ಕೂತ. ಒಳಗೆ ಕಾಕು ಪಾತ್ರೆ ತೊಳೆಯುವ ಸದ್ದು ನಿಂತಿತು. ಕಾಕಾ ಒಂದು ಗಿಡ ಬಾಗಿಸಿ ನೋಡಿದ. ಚೂಟಿದ ಕಡೆಯೆಲ್ಲ ಎರಡೆರಡು ಚಿಗುರು.

"ಚೂಟಿದ ಬೆಳಿ ಯಾವ ರೈತ ಕಿತ್ತಾನ?" ಎಂದು ಗೊಣಗಿ, ಕಳೆ ಮಾತ್ರ ತೆಗೆದು ಎದ್ದ. ಒಳಗೆ ಪಾತ್ರೆಗಳು ಮತ್ತೆ ಮಾತಾಡತೊಡಗಿದವು.

ಸಂಕ್ರಾಂತಿ ಕಳೆದ ಮೇಲೆ ಮಣ್ಣೇ ಕಾಣದಷ್ಟು ಹೂವು. ಮಧ್ಯಾಹ್ನದ ಊಟವಾದ ಮೇಲೆ ಕಾಕು ಅದರೆದುರು ಹೋಗಿ ಕೂರುತ್ತಿದ್ದಳು. ಕರೆದರೆ, "ತಡಿ, ನೋಡಾಕತ್ತೇನಿ" ಎನ್ನುತ್ತಿದ್ದಳು.

ಕಾಕು ಹೋದ ವರ್ಷ ತೀರಿಕೊಂಡಳು. ಮೊನ್ನೆ ಹೋದಾಗ ಕಾಕಾ ಅದೇ ಮಡಿಯಲ್ಲಿ ಹೊಸ ಸಸಿಗಳ ಕುಡಿ ಚೂಟುತ್ತಿದ್ದ, ಸ್ವಲ್ಪ ಒರಟಾಗಿ. ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟೆ. ಆತ ಮುಂದಿನ ಸಸಿಯ ಕುಡಿ ಚೂಟಿದ. ಆಮೇಲೆ ಫೋನಿನಲ್ಲಿ ಕೇಳಿದರೂ, "ಊಟ ಆತೇನು?" ಎನ್ನುತ್ತಾನೆ. ನಾನು ಕೇಳಿದ್ದು ಇಷ್ಟೇ:

"ಕಾಕಾ, ಚೂಟಿದ್ರ ನೀ ಕೀಳೂದಿಲ್ಲಂತ ಕಾಕುಗ ಮೊದಲ ಗೊತ್ತಿತ್ತೇನು?"