ಬಾಯಿಯಿಂದ ಮಾಡಿ ತೋರಿಸಿದ ಬಡಿತ

"ಕೋಠಿ ಬಜಾರದೊಳಗ ನನ್ನ ಅಂಗಡ್ಯಾಗ ಕುಂತು, ಅಬಿಡ್ಸ್ ರಸ್ತೆದಾಗ ಹೋಗೋ ಗಾಡಿಗೆ ಯಾವ ಪ್ಲಗ್ ಕೈ ಕೊಟ್ಟೈತಿ ಅಂತ ಹೇಳತೀನಿ. ನನ್ನ ಕಿವಿ ಅಂದ್ರ ಕಿವಿ!" ಎನ್ನುತ್ತಿದ್ದ ಗಾಡಿ ರಿಪೇರಿಯ ಪ್ರಹ್ಲಾದ ಮಿಸ್ತ್ರಿ. ಇದು ಅವನು ವಿನಯದಿಂದಿದ್ದ ದಿನದ ಮಾತು. ಚಹಾ ತುಸು ಕಡಕ್ಕಾದ ದಿನ, ಊರಾಚೆಯ ಶಂಶಾಬಾದಿನಲ್ಲಿ ಇಳಿಯುವ ವಿಮಾನದ ಎಡಗಡೆಯ ಇಂಜಿನ್ನಿಗೆ ಕೆಮ್ಮು ಹತ್ತಿದೆ, ಪೈಲಟ್‌ಗೆ ತಿಳಿಸಬೇಕು ಎಂದು ಎದ್ದೇ ಬಿಡುತ್ತಿದ್ದ. ಹಿಡಿದು ಕೂರಿಸಲು ಅರ್ಧ ಗಲ್ಲಿ ಬೇಕಾಗುತ್ತಿತ್ತು.

ಆ ಕಿವಿ ಸುಮ್ಮನೆ ಹೋಗಲಿಲ್ಲ, ಕಂತಿನಲ್ಲಿ ಹೋಯಿತು. ಮೊದಲು ಸೊಳ್ಳೆಯ ಸದ್ದು ಹೋಯಿತು. ಊರಲ್ಲಿ ಸೊಳ್ಳೆಗಳೇ ಕಡಿಮೆಯಾದವೆಂದು ಪ್ರಹ್ಲಾದ ಮುನ್ಸಿಪಾಲಿಟಿಯನ್ನು ಹೊಗಳಿದ. ಕೈಕಾಲೆಲ್ಲ ದದ್ದು ಎದ್ದರೂ ಹೊಗಳಿದ. ಆಮೇಲೆ ಕುಕ್ಕರಿನ ಸೀಟಿ ಹೋಯಿತು. ಅದರ ಮುಂದೆಯೇ ಕುಳಿತು ಪೇಪರು ಓದುತ್ತಿದ್ದವನ ಎದುರು ಬೇಳೆ ಇದ್ದಿಲಾಯಿತು.

"ಸೀಟಿ ಕೇಳಿ ಬೀಡಿ ಸೇದಾಕ ಹೋಗಿದ್ದ ಪೊಲೀಸಪ್ಪ ಓಡಿ ಬಂದಾನು, ನೀವು ಕುಂತೇ ಇದ್ದೀರಿ" ಎಂದಳು ಹೆಂಡತಿ ಸುಂದರಾಬಾಯಿ. ನಗಲಿಲ್ಲ. ಅವಳಿಗೆ ಗೊತ್ತಾಗಿತ್ತು. ಅವನಿಗೂ ಗೊತ್ತಾಗಿತ್ತು. ದಪ್ಪ ದನಿಗಳೆಲ್ಲ ಕೇಳುತ್ತವೆ, ಸಣ್ಣವು ಹೋಗಿವೆ. ಇಂಜಿನ್ನು ತನ್ನ ಗುಟ್ಟು ಹೇಳುವುದೆಲ್ಲ ಸಣ್ಣ ದನಿಯಲ್ಲೇ. ಗಿರಾಕಿಗಳಿಗೆ ಇದು ತಿಳಿದರೆ ಅಂಗಡಿಯ ಬಾಗಿಲು ಎಳೆಯುವುದಷ್ಟೇ ಉಳಿಯುತ್ತದೆ. ಬೇರೆ ಕೆಲಸ ಅವನು ಕಲಿತವನಲ್ಲ.

ಹಾಗಾಗಿ ಒಂದು ಉಪಾಯ ಹೂಡಿದ. ಗಾಡಿ ಬಂದ ಕೂಡಲೇ ಇಂಜಿನ್ನಿನ ಮೇಲೆ ಕಿವಿ ಇಟ್ಟಂತೆ ಮಾಡುವುದು, ಹುಬ್ಬು ಗಂಟಿಕ್ಕುವುದು, ಆಮೇಲೆ ತಲೆ ಎತ್ತಿ, "ನಿಮಗ ಹ್ಯಾಂಗ ಕೇಳತೈತಿ, ಬಾಯಿಲೆ ಮಾಡಿ ತೋರಸ್ರಿ" ಎನ್ನುವುದು. ಒಬ್ಬರು ತೆಲುಗಿನಲ್ಲಿ ಟಕಟಕ ಎಂದರು, ಇನ್ನೊಬ್ಬರು ಹಿಂದಿಯಲ್ಲಿ ಖಟ್‌ಖಟ್ ಎಂದರು. ಬಾಯಿ ನೋಡಿ ರೋಗ ಹೇಳುತ್ತ, ದೇವರ ದಯೆಯಿಂದ ಕೆಲವು ದಿನ ನಡೆಯಿತು.

ಆಗ ಬಂದವರು ಚಂದ್ರಕಾಂತರಾವ್. ಅವರ ಅಜ್ಜನ ಕಾಲಕ್ಕೇ ಕಲಬುರ್ಗಿ ಕಡೆಯಿಂದ ಬಂದು ಇಲ್ಲಿ ಸರ್ಕಾರಿ ನೌಕರಿಯಲ್ಲಿ ಬೇರೂರಿದ ಮನೆತನ. ರಿಟೈರಾದ ಮೇಲೆ ಕನ್ನಡದವರ ಗಣೇಶೋತ್ಸವದ ನಾಟಕಗಳಲ್ಲಿ ಅವರದೇ ಭೀಮ. ಅವರು ಪಿಸುಗುಟ್ಟಿದರೆ ಮೂರು ಗಲ್ಲಿಯಾಚೆ ಹಾಲು ಒಡೆಯುತ್ತಿತ್ತು. ಅವರ ಹಳೆಯ ಪದ್ಮಿನಿ ಕಾರು ಪ್ರಹ್ಲಾದನ ಕೈಯಲ್ಲೇ ಮುದಿಯಾದದ್ದು. ಹಿಂದಿನ ತಿಂಗಳು ಅದರ ಟ್ಯೂನಿಂಗ್ ಮಾಡಿದವನೂ ಅವನೇ.

"ಇಂಜಿನ್ ಬಡಿಯಾಕತ್ತೈತ್ರೀ ಮಿಸ್ತ್ರಿ."

"ಹ್ಯಾಂಗ ಬಡಿತೈತಿ, ಬಾಯಿಲೆ ಮಾಡಿ ತೋರಸ್ರಿ."

ಚಂದ್ರಕಾಂತರಾಯರು ಎದೆ ಉಬ್ಬಿಸಿ, ಗದೆ ಎತ್ತಿದವರಂತೆ ಕೈ ಎತ್ತಿ, "ಧಡಲ್! ಧಡಲ್! ಧಡಲ್!" ಎಂದರು. ತಂತಿಯ ಮೇಲಿನ ಪಾರಿವಾಳಗಳು ಹಾರಿಹೋದವು.

ಪ್ರಹ್ಲಾದ ಇಂಜಿನ್ ಚಾಲೂ ಮಾಡಿಸಿದ. ಧಡಲ್ ಎಂದರೆ ದಪ್ಪ ದನಿ. ಇಂಜಿನ್ನಿನ ಹೊಟ್ಟೆಯೊಳಗೆ ಬೇರಿಂಗ್ ಸವೆದಾಗ ಬರುವ ಬಡಿತ. ಅದು ಅವನಿಗೆ ಕೇಳಲೇಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಒತ್ತಿದ. ಬಡಿತವಿಲ್ಲ. ಕಿವಿಯ ಹಿಂದಿನ ಎಲುಬಿಗೆ ಒತ್ತಿದ, ಹಲ್ಲಿನಲ್ಲಿ ಕಚ್ಚಿದ. ಇಲ್ಲ. ಅಂದರೆ ದಪ್ಪ ದನಿಯೂ ಹೋಯಿತು, ಇನ್ನು ಉಳಿದದ್ದೇನೂ ಇಲ್ಲ ಎಂದುಕೊಂಡ.

"ಬಿಚ್ಚಬೇಕಾಗತೈತ್ರಿ" ಎಂದ.

ಬಿಚ್ಚಿದ. ಎಣ್ಣೆ ಇಳಿಸಿ, ಗಾಡಿಯ ಅಡಿಗೆ ಅಂಗಾತ ಮಲಗಿ, ಬೇರಿಂಗುಗಳನ್ನು ಒಂದೊಂದಾಗಿ ಹೊರತೆಗೆದು ಒರೆಸಿದ. ಕನ್ನಡಿಯ ಹಾಗಿದ್ದವು. ಅವುಗಳಲ್ಲಿ ಅವನ ಮುಖ ಕಾಣುತ್ತಿತ್ತು. ಅದೊಂದೇ ಅಲ್ಲಿ ಸವೆದದ್ದು.

ಗಾಡಿಯ ಕೆಳಗಿನಿಂದಲೇ ಕೂಗಿದ, "ಸಾಹೇಬ್ರ, ಯಾವಾಗ ಬಡಿತೈತ್ರಿ ಇದು?"

"ಏರು ಹತ್ತುವಾಗ ಅಷ್ಟರಿ. ಸಾಪಾದ ರಸ್ತೆದಾಗ ಗಪ್ ಇರತೈತಿ."

ಮೊದಲೇ ಕೇಳಬೇಕಾದ ಮಾತು ಅದು. ಏರಿನಲ್ಲಷ್ಟೇ ಬರುವುದು ಧಡಲ್ ಅಲ್ಲ, ಗೆಜ್ಜೆ ಅಲುಗಿದಂಥ ಕಿಣಿಕಿಣಿ. ಪೆಟ್ರೋಲಿಗೆ ಕಿಡಿ ತಾಗುವ ಹೊತ್ತು ತುಸು ಮುಂಚಿತವಾದರೆ ಬರುವಂಥದ್ದು. ಆ ಹೊತ್ತನ್ನು ಪ್ರಹ್ಲಾದ ಯಾವತ್ತೂ ಕಿವಿಯಿಂದಲೇ ಕೂರಿಸುತ್ತಿದ್ದ: ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕಿಣಿಕಿಣಿ ಶುರುವಾಗುವವರೆಗೆ ಮುಂದೆ ತಿರುಗಿಸುವುದು, ಶುರುವಾದೊಡನೆ ಕೂದಲೆಳೆಯಷ್ಟು ಹಿಂದೆ ತರುವುದು. ಹಿಂದಿನ ತಿಂಗಳು ಹಾಗೇ ತಿರುಗಿಸಿದ್ದ. ಕಿಣಿಕಿಣಿ ಬಂದಿತ್ತು, ಅವನ ಕಿವಿಗೆ ಬಂದಿರಲಿಲ್ಲ. ಇನ್ನೂ ತಿರುಗಿಸಿದ್ದ. ಗಾಡಿಗೆ ರೋಗ ಅಂಟಿಸಿದ್ದು ಅವನ ಕಿವಿಯೇ.

ಎಲ್ಲವನ್ನೂ ಮತ್ತೆ ಜೋಡಿಸಿ, ಎಣ್ಣೆ ತುಂಬಿ, ಡಿಸ್ಟ್ರಿಬ್ಯೂಟರನ್ನು ಹಿಂದೆ ತಂದ. ಈ ಸಲ ಕಿವಿಯನ್ನು ನಂಬಲಿಲ್ಲ, ಇಂಜಿನ್ನಿನ ಗಾಲಿಯ ಮೇಲಿನ ಗುರುತು ನೋಡಿ ಕೂರಿಸಿದ. ಇಬ್ಬರೂ ನೌಬತ್ ಪಹಾಡ ಎಂಬ ಗುಡ್ಡದ ಏರಿಗೆ ಹೋದರು. ಚಂದ್ರಕಾಂತರಾಯರು ಗಾಡಿ ಏರಿಸಿದರು. ಪ್ರಹ್ಲಾದ ಇಡೀ ದೇಹವನ್ನೇ ಕಿವಿ ಮಾಡಿಕೊಂಡು ಕುಳಿತ. ಬಡಿತ ಸಾಯುವ ಆ ಒಂದು ಗಳಿಗೆಗಾಗಿಯೇ ಅವನು ಜೀವಮಾನವೆಲ್ಲ ಎಣ್ಣೆಯಲ್ಲಿ ಕೈ ಅದ್ದಿದ್ದ. ಈಗ ಇದ್ದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ.

"ಹೋತೇನ್ರಿ?" ಎಂದು ಕೇಳಿದ.

"ಹೋತಲ್ರೀ, ಬೆಣ್ಣಿ ಆಗೇತಿ ಗಾಡಿ! ನನ್ನ ಕೇಳಾಕತ್ತೀರಲ್ಲ, ನಿಮ್ಮ ಕಿವಿ ಎಲ್ಲಿ ಇಟ್ಟು ಬಂದೀರಿ?"

"ಎಲ್ಲಿ ಬಿತ್ತೋ ಗೊತ್ತಿಲ್ರಿ. ಸಿಕ್ರ ಹೇಳ್ರಿ."

ಚಂದ್ರಕಾಂತರಾಯರು ಗಾಡಿಯನ್ನು ಬದಿಗೆ ನಿಲ್ಲಿಸಿದರು. ಕೆಳಗೆ ಊರು ತುಟಿ ಅಲುಗಿಸುವ ಮೂಕನಂತೆ ಸರಿದಾಡುತ್ತಿತ್ತು. ಅವರ ದನಿಯೊಳಗಿನ ಭೀಮ ಎಲ್ಲೋ ಅಡಗಿದ.

"ಮತ್ತ ಇಂಥಾ ಕೆಲಸ ಯಾಕ ಹಚ್ಚಿಕೊಂಡ್ರಿ? ಯಾರದರ ಇಂಜಿನ್ ಹಾಳಾದ್ರ ಏನ್ ಮಾಡ್ತೀರಿ?"

"ಅದಕ್ಕ ಇವತ್ತಿಗೆ ಸಾಕು ಅಂದೀನ್ರಿ ಮನಸಿನ್ಯಾಗ."

"ಸಾಕು ಯಾಕ? ಕೋಠಿಯೊಳಗ ಕಿವಿ ಮಷೀನ್ ಸಿಗತಾವ, ಒಂದು ಹಾಕ್ಕೋರಿ!" ಭೀಮ ಮರಳಿ ಬಂದಿದ್ದ, ಕಾರಿನ ಗಾಜು ನಡುಗಿತು.

"ಹಾಕಿ ನೋಡೀನ್ರಿ. ಚಹಾದ ಕಪ್ಪಿಗೂ ಇಂಜಿನ್ನಿಗೂ ಒಂದ ದನಿ ಬರತೈತಿ. ತಗಡಿನ ಡಬ್ಬಿದಾಗ ಕುಂತಂಗ."

"ಹಂಗಾರ ಇಂಜಿನ್ ಬಿಚ್ಚಿ ನನ್ನ ದಿನಾ ಹಾಳ ಮಾಡಿದ್ದಕ್ಕ ಏನ್ ಹೇಳ್ತೀರಿ, ಮಿಸ್ತ್ರಿ?"

ಪ್ರಹ್ಲಾದ ಬಾಗಿಲು ತೆರೆದು ಇಳಿದ. ಬಗ್ಗಿ ಕಿಟಕಿಯೊಳಗೆ ಮುಖ ಇಟ್ಟ.

"ನನ್ನ ಕಿವಿ ಕಿಣಿಕಿಣಿ ಕೇಳಲಿಲ್ಲ, ತಪ್ಪಾತ್ರಿ. ಆದ್ರ ನಿಮ್ಮ ಕಿವಿ ಕಿಣಿಕಿಣಿ ಕೇಳಿತ್ತಲ್ರೀ ಸಾಹೇಬ್ರ, ಅದನ್ನ ಧಡಲ್ ಮಾಡಿದ ಬಾಯಿಗೆ ಯಾವ ಮಷೀನ್ ಹಾಕೋಣು?"