ಮೂರನೆಯ ತಿರುಪು

ವನಜಾ, ನಿನ್ನ ಬಿಲ್ಲಿನ ಮೇಲೆ ಗುರಿ ನೋಡುವ ಸೈಟು ಓರೆಯಾಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನೀನು ಕೇಳಿದಾಗ "ನೋಡಿದೆ ಕಣೇ" ಅಂದೆ.

ಈ ಮೂರು ವಾಕ್ಯ ಬರೆಯುವುದಕ್ಕೆ ಏಳು ವರ್ಷ ಬೇಕಾಯಿತು. ಇವುಗಳ ಮುಂದೆ ಏನು ಬರೆದರೂ ಇವು ಸಣ್ಣವಾಗುವುದಿಲ್ಲ. ಆದರೂ ಬರೆಯುತ್ತೇನೆ — ನಿನಗೆ ಗೊತ್ತಿರುವ ಸಂಗತಿಗಳನ್ನೂ ಸೇರಿಸಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಾನು ಸರ್ವೇಯರ್. ಗಡಿಕಲ್ಲಿನಿಂದ ಶುರುಮಾಡದೆ ನಡುವೆಯೆಲ್ಲೋ ಅಳತೆಯ ಚೈನು ಹಿಡಿದರೆ ಅಳತೆ ನನಗೆ ಬೇಕಾದ ಕಡೆಗೇ ವಾಲುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅಲ್ಲದೆ ಈ ಕಾಗದವನ್ನು ನೀನು, ನಿನ್ನನ್ನು ಕರೆದಿರುವ ಬೇಲೂರಿನವರಿಗೂ ತೋರಿಸಬೇಕಾಗಬಹುದು. ಅವರಿಗೆ ನಮ್ಮಿಬ್ಬರ ಹಿಂದಿನದೇನೂ ತಿಳಿಯದು.

ಅರಸೀಕೆರೆಯ ಹೊರಗೆ, ಪುಟ್ಟಸ್ವಾಮಿ ಸಾರ್ ಅವರ ತೆಂಗಿನ ತೋಟದಲ್ಲಿ ನಾನು ಬಿಲ್ಲು ಹಿಡಿದು ಆಗಲೇ ಮೂರು ವರ್ಷವಾಗಿತ್ತು. ಸಾರ್ ರೈಲ್ವೆಯಲ್ಲಿದ್ದವರು, ಅಲ್ಲಿಯ ತಂಡಕ್ಕೆ ಆಡಿದವರು, ನಿವೃತ್ತರಾದ ಮೇಲೆ ಎರಡು ಸಾಲು ಮರಗಳ ನಡುವೆ ಗುರಿ ನೆಟ್ಟು ನಾಲ್ಕಾರು ಜನಕ್ಕೆ ಹೇಳಿಕೊಡುತ್ತಿದ್ದರು. ಹೆಂಗಸರಲ್ಲಿ ನಾನೊಬ್ಬಳೇ. ಆಮೇಲೆ ನೀನು ಬಂದೆ. ಹಳೇಬೀಡಿನಿಂದ, ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ, ಪ್ರತಿ ಶನಿವಾರ. ದೇವಸ್ಥಾನದ ಬೀದಿಯಲ್ಲಿ ನಿಮ್ಮ ಬಳೆ ಅಂಗಡಿ. ಮೊದಲ ದಿನ ಸಾರ್ ನಿನ್ನ ಕೈ ಹಿಡಿದು ನೋಡಿ, "ಬಳೆ ತೊಡ್ಸೋ ಕೈ ಕಣಮ್ಮ ಇದು, ಎಲ್ಲಿ ಒತ್ತಬೇಕು ಎಲ್ಲಿ ಬಿಡಬೇಕು ಅಂತ ಇದಕ್ಕೇ ಗೊತ್ತೈತೆ" ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈಯನ್ನು ಅವರು ಯಾವತ್ತೂ ಹಾಗೆ ಹಿಡಿದು ನೋಡಿರಲಿಲ್ಲ.

ಐದು ತಿಂಗಳಲ್ಲಿ ನೀನು ನನ್ನ ಸಮಕ್ಕೆ ಬಂದೆ. ಎಂಟನೆಯ ತಿಂಗಳಲ್ಲಿ — ಬೇಡ, ಸುತ್ತು ಬಳಸುವುದು ಬೇಡ — ನನ್ನನ್ನು ದಾಟಿದೆ. ಒಂದು ಶನಿವಾರ ನಿನ್ನ ಆರು ಬಾಣಗಳೂ ನನ್ನ ಅಂಗೈ ಮುಚ್ಚುವಷ್ಟು ಜಾಗದಲ್ಲಿ ಕೂತಿದ್ದವು. ನಾನು ನಿಜಕ್ಕೂ ಅಂಗೈ ಇಟ್ಟು ನೋಡಿದೆ. ಸಾರ್ ನಕ್ಕರು. "ಗೀತಮ್ಮಾ, ನೀನು ಬಾಣಾನ ಅಳ್ದು ಅಳ್ದು ಬಿಡ್ತೀಯ. ಇವಳು ನೋಡು, ಸುಮ್ನೆ ಬಿಡ್ತಾಳೆ. ಅದು ಹೋಗಿ ಕೂತ್ಕತ್ತದೆ."

ಆ ಮಾತು ಮುಳ್ಳಿನಂತೆ ನನ್ನೊಳಗೆ ಮುರಿದುಕೊಂಡಿತು. ಸಾರ್ ತಮಾಷೆಗೆ ಅಂದದ್ದು, ನೀನು ಅದನ್ನು ಅಂದೇ ಮರೆತಿರಬೇಕು. ನಾನು ಮರೆಯಲಿಲ್ಲ. ನೀನು ತಪ್ಪಿದಾಗ ನಗುವುದನ್ನೂ ನನಗೆ ಸಹಿಸಲಾಗುತ್ತಿರಲಿಲ್ಲ. ಗುರಿ ಬಿಟ್ಟು ಹುಲ್ಲಿನ ಬಣವೆಗೆ ಹೋದ ಬಾಣವನ್ನು "ಮೇಯೋಕ್ ಹೋಗೈತೆ ಅಕ್ಕಾ, ಹೊಡ್ಕಂಡ್ ಬತ್ತೀನಿ" ಅನ್ನುತ್ತಾ ಓಡುತ್ತಿದ್ದೆಯಲ್ಲ, ಆ ನಗು. ನಾನು ತಪ್ಪಿದ ದಿನ ಊಟ ಸೇರದೆ ಏಳುತ್ತಿದ್ದೆ.

ಆಗ ನಿನ್ನ ಹಳೆಯ ಸೈಟು ಕೈಕೊಟ್ಟಿತು. ಬಸ್ಸಿನ ಕುಲುಕಾಟಕ್ಕೆ ಅದರ ತಿರುಪುಗಳು ಸಡಿಲವಾಗಿ, ಶನಿವಾರ ಕೂರಿಸಿದ್ದು ಮುಂದಿನ ಶನಿವಾರಕ್ಕೆ ಇರುತ್ತಿರಲಿಲ್ಲ. ಅದೇ ವಾರ ಸಾರ್ ಸುದ್ದಿ ತಂದರು: ರಾಜ್ಯದ ತಂಡಕ್ಕೆ ಆಯ್ಕೆ, ನಮ್ಮ ಜಿಲ್ಲೆಯಿಂದ ಹೆಂಗಸರಲ್ಲಿ ಒಬ್ಬರೇ, ಮತ್ತು ಈ ಸಲ ಬಯಲಿನಲ್ಲಲ್ಲ, ಮಾಲೇಕಲ್ಲಿನ ಹತ್ತಿರದ ಗುಡ್ಡದ ಓರೆಯಲ್ಲಿ. "ಅಕ್ಕಾ, ನನಗೊಂದು ಸೈಟು ನೀವೇ ಆರಿಸ್ಕೊಡಿ" ಅಂದೆ ನೀನು.

ಆರಿಸಿಕೊಟ್ಟೆ. ಇದರಲ್ಲಿ ಮೋಸವಿರಲಿಲ್ಲ, ಅದನ್ನೂ ದಾಖಲಿಸಬೇಕು. ನನ್ನ ಸೈಟಿನಲ್ಲಿ ಒಂದರ ಕೆಳಗೊಂದು ಐದು ಮುಳ್ಳು. ದೂರಕ್ಕೆ ತಕ್ಕಂತೆ ಒಂದೊಂದನ್ನು ಹಿಡಿದು ಗುರಿ ನೋಡಬೇಕು, ಅವಸರದಲ್ಲಿ ಎಷ್ಟೋ ಸಲ ಮುಳ್ಳು ತಪ್ಪುತ್ತದೆ. ನಿನಗೆ ಒಂದೇ ಮುಳ್ಳಿನದನ್ನು ಆರಿಸಿದೆ. ಪಕ್ಕದ ಚಕ್ರ ತಿರುಗಿಸಿದರೆ ಮುಳ್ಳು ಮೇಲೆ ಕೆಳಗೆ ಹೋಗುತ್ತದೆ, ದೂರ ಎಷ್ಟೆಂದು ಅಂಚಿನ ಪಟ್ಟಿ ತೋರಿಸುತ್ತದೆ. ಮುಳ್ಳಿನ ಸುತ್ತಲಿನ ಉಂಗುರದ ತಳದಲ್ಲಿ ಪುಟ್ಟ ರಸಮಟ್ಟ — ಗಾರೆಯವರು ನೆಲ ಸಮ ನೋಡಲು ಇಡುತ್ತಾರಲ್ಲ, ಅಂಥದೇ, ಬೆರಳ ತುದಿಯಷ್ಟು, ಒಳಗೊಂದು ಗುಳ್ಳೆ. ಬಿಲ್ಲು ಅತ್ತಿತ್ತ ವಾಲಿದರೆ ಗುಳ್ಳೆ ಹೇಳುತ್ತದೆ. ಪಾರ್ಸೆಲ್ ನನ್ನ ಮನೆಗೇ ಬಂತು. ಬಿಚ್ಚಿದಾಗ, ಅಂಥದ್ದು ನನಗೂ ಬೇಕು ಅನಿಸಿತು. ಆರಿಸಿದವಳು ನಾನು, ಇಟ್ಟುಕೊಳ್ಳುವವಳು ನೀನು.

ತೋಟದಲ್ಲಿ ಅದನ್ನು ಗುರಿಗೆ ಕೂರಿಸಿದ್ದು ನೆನಪಿದೆಯೇ? ಬಾಣ ಗುರಿಯ ಎಡಕ್ಕೆ ಬಿದ್ದರೆ ಮುಳ್ಳನ್ನೂ ಎಡಕ್ಕೇ ಸರಿಸಬೇಕು, ಕೆಳಗೆ ಬಿದ್ದರೆ ಕೆಳಕ್ಕೇ. ಬಾಣ ಹೋದ ಕಡೆಗೆ ಮುಳ್ಳು ಹೋಗಬೇಕು ಅಂದೆ ನಾನು. "ಇದೇನಕ್ಕಾ, ತಪ್ಪು ಮಾಡ್ದೋರ ಹಿಂದೇನೇ ಹೋಗ್ಬೇಕಾ?" ಅಂತ ನೀನು ನಕ್ಕೆ. ಇಪ್ಪತ್ತು ಮೀಟರಿನಿಂದ ಐವತ್ತರವರೆಗೆ ಪಟ್ಟಿ ಗುರುತು ಮಾಡಿ ಮುಗಿಸುವಷ್ಟರಲ್ಲಿ ನಿನ್ನ ಬಾಣಗಳು ಮತ್ತೆ ನನ್ನ ಅಂಗೈಯೊಳಗೆ ಬಂದಿದ್ದವು.

ಆದರೆ ತೋಟ ಸಮತಟ್ಟು. ಸಮತಟ್ಟಿನಲ್ಲಿ ಕಾಣದ್ದು ಒಂದಿರುತ್ತದೆ. ಸೈಟಿಗೆ ಮೂರು ನೇರ ನೋಡಬೇಕು. ಸೈಟಿನ ಕೋಲು ಬಿಲ್ಲಿಗೆ ನೇರವಿದೆಯೇ — ಒಂದು. ಬಿಲ್ಲು ನೆಟ್ಟಗಿದ್ದಾಗ ಗುಳ್ಳೆ ನಡುವೆ ಇದೆಯೇ — ಎರಡು. ಬಿಲ್ಲನ್ನು ಮೇಲಕ್ಕೋ ಕೆಳಕ್ಕೋ ಬಾಗಿಸಿದಾಗಲೂ ಗುಳ್ಳೆ ನಡುವೆಯೇ ನಿಲ್ಲುತ್ತದೆಯೇ — ಇದು ಮೂರನೆಯದು. ಉಂಗುರ, ಅರೆತೆರೆದ ಬಾಗಿಲಿನ ಹಾಗೆ ಒಂದು ಕೂದಲಷ್ಟು ತಿರುಗಿಕೊಂಡಿದ್ದರೆ ಬಯಲಿನಲ್ಲಿ ಏನೂ ಆಗುವುದಿಲ್ಲ. ಗುಡ್ಡದಲ್ಲಿ ಗುಳ್ಳೆ ಸುಳ್ಳು ಹೇಳುತ್ತದೆ. ಬಿಲ್ಲುಗಾರ ಗುಳ್ಳೆಯನ್ನು ನಂಬಿ ಬಿಲ್ಲನ್ನು ವಾಲಿಸುತ್ತಾನೆ. ಬಾಣ ಪಕ್ಕಕ್ಕೆ ಹೋಗುತ್ತದೆ.

ಆಯ್ಕೆಯ ಹಿಂದಿನ ಶನಿವಾರ ಬೆಳಿಗ್ಗೆ ನಿನ್ನ ಬಿಲ್ಲನ್ನು ನಮ್ಮ ಮನೆಯ ಹಜಾರದಲ್ಲಿ ಸ್ಟ್ಯಾಂಡಿಗೆ ಕಟ್ಟಿದೆ. ಬಾಗಿಲ ಚೌಕಟ್ಟಿನಿಂದ, ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟೆ. ಬಿಲ್ಲನ್ನು ಆ ದಾರಕ್ಕೆ ಸರಿಯಾಗಿ ಹಿಡಿದು ಕೆಳಕ್ಕೆ ಬಾಗಿಸಿದೆ. ಗುಳ್ಳೆ ಬಲಕ್ಕೆ ಜಾರಿತು. ಮೇಲಕ್ಕೆ ಎತ್ತಿದೆ. ಎಡಕ್ಕೆ ಜಾರಿತು. ಎರಡು ಸಲ ನೋಡಿದೆ, ಮೂರು ಸಲ ನೋಡಿದೆ. ಅರ್ಧ ಗುಳ್ಳೆಯಷ್ಟು. ಆ ಮೂರನೆಯ ನೇರಕ್ಕೆಂದೇ ಇರುವ ಮೂರನೆಯ ತಿರುಪನ್ನು ಸಡಿಲಿಸಿ, ಉಂಗುರವನ್ನು ತುಸು ಒಳಕ್ಕೆ ಒತ್ತಿ, ಮತ್ತೆ ಬಿಗಿ ಮಾಡಿದ್ದರೆ ಮುಗಿಯುತ್ತಿತ್ತು. ತಿರುಪು ತಿರುಗಿಸುವ ಕೀಲಿ ನನ್ನ ಕೈಯಲ್ಲೇ ಇತ್ತು. ತಿರುಪಿನ ಬಾಯಿಗೆ ಅದನ್ನು ಇಟ್ಟೂ ಇದ್ದೆ.

ನೀನು ಅಡುಗೆಮನೆಯಲ್ಲಿ ಅಮ್ಮನ ಜೊತೆ ಅವರೆಕಾಯಿ ಸುಲಿಯುತ್ತಿದ್ದೆ. ಅಮ್ಮನ ದನಿ ಕೇಳಿಸಿತು. "ನೀನು ಬಂದ್ರೆ ಮನೇಲಿ ಮಾತು ಅನ್ನೋದು ಇರ್ತದೆ ಕಣೇ. ನಮ್ಮನೇದೊಂದು ಐತಲ್ಲ ಅಳತೆ ಕೋಲು, ಬಾಯೇ ಬಿಡಲ್ಲ."

"ಬಿಡಿ ಅಮ್ಮಾ, ಅಕ್ಕ ಕೈಯಲ್ಲೇ ಮಾತಾಡ್ತಾರೆ" ಅಂದೆ ನೀನು. ಅಮ್ಮ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ನೀನು ನನ್ನ ಪರವಾಗಿಯೇ ಮಾತಾಡಿದ್ದೆ. ಅದೇ ನನ್ನನ್ನು ಸುಟ್ಟಿತು — ನನ್ನ ಮನೆಯಲ್ಲಿ, ನನ್ನ ಅಮ್ಮನ ಮುಂದೆ, ನನ್ನ ಪರ ವಹಿಸುವಷ್ಟು ಜಾಗ ನಿನಗೆ ಸಿಕ್ಕಿತ್ತು. ನಾನು ಕೀಲಿಯನ್ನು ತಿರುಪಿನಿಂದ ತೆಗೆದೆ. ಜೇಬಿಗೆ ಹಾಕಿಕೊಂಡೆ. ದಾರ ಸುತ್ತಿಟ್ಟೆ.

ನೀನು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಕೇಳಿದೆ: "ಮೂರನೇದೂ ನೋಡಿದ್ರಾ ಅಕ್ಕಾ?"

"ನೋಡಿದೆ ಕಣೇ."

ಎಷ್ಟೋ ಕಾಲ ಈ ಒಂದು ಪದದ ಮೇಲೆ ನಿಂತುಕೊಂಡು ಬದುಕಿದೆ. ನೋಡಿದ್ದು ನಿಜವಲ್ಲವೇ? ಸರಿ ಮಾಡಿದೆ ಅಂದೆನೇ? ಇಲ್ಲ. ನೋಡಿದೆ ಅಂದೆ, ನೋಡಿದ್ದೆ. ನಮ್ಮಲ್ಲಿ "ನೋಡಿದೆ" ಅಂದರೆ ಆ ಕೆಲಸ ಮುಗಿಯಿತು, ಚಿಂತೆ ಬಿಡು ಎಂದೇ ಅರ್ಥ. ನೀನು ಹಾಗೇ ತಿಳಿದೆ. ನೀನು ಹಾಗೇ ತಿಳಿಯಲಿ ಎಂದೇ ನಾನು ಆ ಪದ ಆರಿಸಿದೆ. ಸೈಟು ಆರಿಸಿದಷ್ಟೇ ಎಚ್ಚರದಿಂದ ಆರಿಸಿದೆ.

ಗುಡ್ಡದಲ್ಲಿ ನಡೆದದ್ದು. ಮೊದಲ ಎರಡು ಗುರಿ ಸಮನೆಲದವು. ನೀನು ಎಲ್ಲರಿಗಿಂತ ಮುಂದಿದ್ದೆ. ಮೂರನೆಯದು ಬಂಡೆಯ ಕೆಳಗಿನ ಇಳಿಜಾರಿನಲ್ಲಿತ್ತು. ನಿನ್ನ ಬಾಣ ಬಲಕ್ಕೆ ಹೋಯಿತು. ಇನ್ನೊಂದೂ ಬಲಕ್ಕೆ. ಮುಂದಿನದು ಏರಿನ ಗುರಿ, ಎರಡೂ ಎಡಕ್ಕೆ. ಹಜಾರದಲ್ಲಿ ಗುಳ್ಳೆ ಹೇಗೆ ಹೇಗೆ ಜಾರಿತ್ತೋ ಹಾಗೆ ಹಾಗೆಯೇ. ಸಾರ್ ಹತ್ತಿರ ಬಂದು, "ಯಾಕಮ್ಮಾ ವನಜಾ, ಇಳಿಜಾರು ನೋಡಿ ಹೆದರ್ಕಂಡ್ಯಾ?" ಅಂದರು. ನೀನು ನಗಲಿಲ್ಲ. ನನ್ನ ಕಡೆ ತಿರುಗಿದೆ.

ಇಲ್ಲಿಯವರೆಗೆ ಒಂದೇ ಮಾತಿನ ತಪ್ಪು ಎಂಬಂತೆ ಬರೆದಿದ್ದೇನೆ. ಈ ಕಾಗದದ ಮೊದಲ ಸಾಲಿನಲ್ಲೂ ಹಾಗೆಯೇ. ಇನ್ನೊಂದಿದೆ.

"ಅಕ್ಕಾ, ಸೈಟೇನಾದ್ರೂ ಅಲ್ಲಾಡಿದ್ಯಾ, ಒಂದ್ಸಲ ನೋಡ್ತೀರಾ?" ಅಂದೆ. ಕೀಲಿ ನನ್ನ ಚೀಲದಲ್ಲಿತ್ತು. ಇನ್ನೂ ಎಂಟು ಗುರಿ ಬಾಕಿಯಿದ್ದವು. ಆಗಲೂ ಸರಿಮಾಡಬಹುದಿತ್ತು.

"ಸೈಟು ಸರಿಯಾಗೇ ಇದೆ ಕಣೇ. ನಿನ್ನ ಕೈ ನೋಡ್ಕೊ."

ಇದರಲ್ಲಿ ನಿಲ್ಲುವುದಕ್ಕೆ ಒಂದು ಪದವೂ ಇಲ್ಲ. ಇದು ಪೂರ್ತಿ ಸುಳ್ಳು. ನೀನು ನಿನ್ನ ಕೈಯನ್ನು ನೋಡಿಕೊಂಡೆ. ನಾನು ಅದನ್ನು ಕಂಡೆ. ಅಂಗೈ ಮಗುಚಿ, ಬೆರಳು ಬಿಡಿಸಿ, ಯಾರದೋ ಕೈ ನೋಡುವ ಹಾಗೆ ನೋಡಿಕೊಂಡೆ. ಆಮೇಲೆ ಅದು ನಿಜವಾಗಿಯೂ ನಡುಗತೊಡಗಿತು.

ನಾನು ಆಯ್ಕೆಯಾದೆ. ಹೋದೆ. ಅಲ್ಲಿ ಕೊನೆಯವರ ನಡುವೆ ಎಲ್ಲೋ ಉಳಿದು ಬಂದೆ. ನೀನು ತೋಟಕ್ಕೆ ಬರುವುದನ್ನು ಬಿಟ್ಟೆ. ಬಿಟ್ಟ ತಿಂಗಳು ಮನೆಗೆ ಬಂದು ಆ ಸೈಟನ್ನು ನನ್ನ ಕೈಗಿಟ್ಟೆ. "ನನ್ ಕೈಗೆ ಗುಡ್ಡ ಒಗ್ಗಲ್ಲ ಅಕ್ಕಾ. ನೀವಾದ್ರೂ ಹಾಕ್ಕೊಳ್ಳಿ." ನಾನು ತೆಗೆದುಕೊಂಡೆ. ಬೇಡ ಅನ್ನಲಿಲ್ಲ. ಅಂಥದ್ದೊಂದು ನನಗೆ ಬೇಕಿತ್ತಲ್ಲ.

ಒಂದು ದಿನವೂ ಅದನ್ನು ನನ್ನ ಬಿಲ್ಲಿಗೆ ಹಾಕಲಿಲ್ಲ.

ಹೋದ ವರ್ಷ ಅಳತೆಯ ಕೆಲಸಕ್ಕೆ ಹಳೇಬೀಡಿಗೆ ಬಂದಾಗ ನಿನ್ನ ಅಂಗಡಿಯಲ್ಲಿ ಕೂತಿದ್ದೆ. ಒಬ್ಬಾಕೆ ಹಸಿರು ಗಾಜಿನ ಬಳೆ ಕೇಳಿದರು. ನೀನು ಬಳೆ ಎಣಿಸಿ ಕೊಟ್ಟು, ತೊಡಿಸುವುದಕ್ಕೆ ನಿನ್ನ ಅತ್ತಿಗೆಯನ್ನು ಕರೆದೆ. ಯಾಕೆಂದು ಕೇಳಿದ್ದಕ್ಕೆ, "ಗಾಜು ಅಲ್ವಾ ಅಕ್ಕಾ. ನನ್ ಕೈ ನಂಬಕ್ಕಾಗಲ್ಲ" ಅಂದೆ. ಅದನ್ನು ನಗುತ್ತಲೇ ಹೇಳಿದೆ. ನಾನು ಕಾಫಿ ಕುಡಿದು, ಬಸ್ಸು ಹತ್ತಿ ಬಂದೆ. ಅಂದೂ ಹೇಳಲಿಲ್ಲ.

ಮೊನ್ನೆ ನೀನು ಫೋನ್ ಮಾಡಿದೆ. ಬೇಲೂರಿನಲ್ಲಿ ಹೆಣ್ಣುಮಕ್ಕಳಿಗೆ ಬಿಲ್ವಿದ್ಯೆ ಕಲಿಸಲು ಶುರುಮಾಡುತ್ತಿದ್ದಾರೆ, ನಿನ್ನನ್ನು ಕರೆದಿದ್ದಾರೆ, ಆಗುವುದಿಲ್ಲ ಎಂದು ಸೋಮವಾರ ಅವರಿಗೆ ಹೇಳಿಬಿಡುತ್ತೇನೆ ಎಂದೆ.

"ಯಾಕೇ?" ಅಂದೆ ನಾನು.

"ಕೈಯೇ ಸರಿ ಇಲ್ದೋಳು ಏನ್ ಹೇಳ್ಕೊಡ್ಲಿ ಅಕ್ಕಾ? ಅವತ್ತು ಗುಡ್ಡದ ಮೇಲೆ ನೀವೇ ಹೇಳಿದ್ರಲ್ಲ."

ನೀವೇ ಹೇಳಿದ್ರಲ್ಲ. ಏಳು ವರ್ಷ ನನ್ನ ಆ ಮಾತನ್ನು ನೀನು ಜೋಪಾನವಾಗಿ ಇಟ್ಟುಕೊಂಡಿದ್ದೀಯ, ಅಕ್ಕನ ಬುದ್ಧಿಮಾತು ಎಂದು.

ನಿನ್ನೆ ಮೊದಲು ಪುಟ್ಟಸ್ವಾಮಿ ಸಾರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. "ಹೆದರ್ಕಂಡ್ಯಾ ಅಂತ ನಾನೂ ಕೇಳ್ಬಿಟ್ನಲ್ಲಮ್ಮಾ ಅವಳ್ನ" ಅಂದರು. ಆಮೇಲೆ, "ನನಗ್ಯಾಕ್ ಹೇಳ್ತೀಯ? ಬಾಣ ಎಲ್ ಹೋಗಿ ನೆಟ್ಟೈತೋ ಅಲ್ಲಿಗ್ ಹೋಗು." ನಾನು ಏಳುವಾಗ ಅವರು ಮುಖ ಎತ್ತಲಿಲ್ಲ.

ಈ ಕಾಗದದ ಜೊತೆ ಸೈಟಿದೆ, ಕೀಲಿಯಿದೆ, ನನ್ನ ತೂಕದ ಗುಂಡೂ ದಾರವೂ ಇದೆ. ನಾಳೆ ಭಾನುವಾರ ಮೊದಲ ಬಸ್ಸಿಗೆ ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಬಾಯಲ್ಲಿ ಹೇಳಲು ನಿಂತರೆ ಮತ್ತೆ ಅಂಥದೇ ಒಂದು ಜಾಣ ಪದ ಆರಿಸಿಕೊಂಡುಬಿಡುತ್ತೇನೋ ಎಂದು ಬರೆದು ತರುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೆ ಅಂಗಡಿಯ ಹೊರಗೆ ಇರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ.

ಆ ಮೂರನೆಯ ತಿರುಪನ್ನು ನಾನು ಈವರೆಗೆ ಮುಟ್ಟಿಲ್ಲ. ಅವತ್ತು ಇದ್ದ ಹಾಗೆಯೇ ಇದೆ. ನನ್ನ ಮಾತನ್ನು ನಂಬಬೇಡ; ಅದನ್ನು ನಂಬಿಯೇ ಕೆಟ್ಟೆ ನೀನು. ಸೈಟನ್ನು ನಿನ್ನ ಬಿಲ್ಲಿಗೆ ಹಾಕು. ಅಂಗಡಿಯ ಬಾಗಿಲಿಗೆ ದಾರ ಇಳಿಬಿಡು. ಬಿಲ್ಲನ್ನು ದಾರಕ್ಕೆ ಸರಿಯಾಗಿ ಹಿಡಿದು ಕೆಳಕ್ಕೆ ಬಾಗಿಸು, ಗುಳ್ಳೆ ಬಲಕ್ಕೆ ಹೋಗುತ್ತದೆ. ಮೇಲಕ್ಕೆ ಎತ್ತು, ಎಡಕ್ಕೆ ಹೋಗುತ್ತದೆ. ಹೋಗುವಾಗ ಗುಳ್ಳೆಯನ್ನಲ್ಲ, ಬಿಲ್ಲು ಹಿಡಿದ ನಿನ್ನ ಕೈಯನ್ನು ನೋಡು.

ಅದು ಅಲ್ಲಾಡುವುದಿಲ್ಲ ವನಜಾ. ಅವತ್ತೂ, ನಾನು ಆ ಸುಳ್ಳು ಹೇಳುವವರೆಗೆ, ಅಲ್ಲಾಡಿರಲಿಲ್ಲ. ಸೋಮವಾರಕ್ಕೆ ಮೊದಲು ನೀನೇ ನೋಡು.